ಪಿಕಪ್ ಲೈಸೆನ್ಸ್‌ಗೆ ಸಾರಥಿ ಪೋರ್ಟಲ್ ಸಾಕು, ಏಜೆಂಟ್ ಬೇಡ

ಗಂಜ್‌ನಲ್ಲಿ (ಧಾನ್ಯದ ಮಾರುಕಟ್ಟೆ) ತೊಗರಿ ಬೇಳೆ ಸಾಗಿಸಲು ಟಾಟಾ ಏಸ್, ದೋಸ್ತ್ ಅಥವಾ ಬೊಲೆರೊ ಪಿಕಪ್ ಹತ್ತಲು ಹೊರಟ ಹುಡುಗರಿಗೆ ಕಲಬುರಗಿಯಲ್ಲಿ ಮೊದಲು ಸಿಗುವ ಸಲಹೆ 'ಯಾರಾದರೂ ಏಜೆಂಟನ್ನ ಹಿಡಿ' ಅಂತ. ಅದರ ಅಗತ್ಯ ಈಗ ಇಲ್ಲ. ಲೈಸೆನ್ಸ್‌ಗೆಂದೇ ಇರುವ ಸರ್ಕಾರಿ ವೆಬ್‌ಸೈಟ್ ಸಾರಥಿ ಪೋರ್ಟಲ್‌ನಲ್ಲಿ ಆಧಾರ್ ಮೂಲಕ ಅರ್ಜಿ ಹಾಕಿದರೆ ಎಲ್‌ಎಲ್ (ಕಲಿಕಾ ಲೈಸೆನ್ಸ್) ಪರೀಕ್ಷೆ ಮನೆಯಲ್ಲೇ ಮುಗಿಯುತ್ತದೆ. ಆರ್‌ಟಿಒಗೆ ಹೋಗಬೇಕಾದ್ದು ಡ್ರೈವಿಂಗ್ ಟೆಸ್ಟ್‌ಗೆ. ಈ ಸೇವೆ ನಿಜಕ್ಕೂ ಒಳ್ಳೆಯದು, ಬಡ ಚಾಲಕನ ಹಣ ಉಳಿಸುವಂಥದ್ದು.

ಕೊರತೆ ಇರುವುದು ಒಂದು ಕಡೆ. ವಾಹನದ ವರ್ಗ ಆರಿಸುವ ಪಟ್ಟಿ ಉದ್ದಕ್ಕಿದೆ, ಪಿಕಪ್‌ಗೆ ಯಾವುದು ಅಂತ ಅಲ್ಲಿ ಯಾರೂ ಹೇಳುವುದಿಲ್ಲ. ಆರಿಸಬೇಕಾದ್ದು ಎಲ್‌ಎಂವಿ, ಅಂದರೆ ಲಘು ಮೋಟಾರು ವಾಹನ. ಆರ್‌ಸಿಯಲ್ಲಿ (ಗಾಡಿಯ ನೋಂದಣಿ ಪತ್ರ) ಬರೆದ ಒಟ್ಟು ತೂಕ, ಅಂದರೆ ಗಾಡಿ ಮತ್ತು ಲೋಡ್ ಸೇರಿ, 7,500 ಕೆಜಿ ಮೀರದಿದ್ದರೆ ಎಲ್‌ಎಂವಿ ಲೈಸೆನ್ಸ್‌ನಲ್ಲೇ ಹಳದಿ ಬೋರ್ಡಿನ ಗಾಡಿ ಓಡಿಸಬಹುದು. 2024ರ ನವೆಂಬರ್ 6ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಇದನ್ನು ಖಚಿತಪಡಿಸಿದೆ. ಬಾಡಿಗೆ ಗಾಡಿಗೆ ಲೈಸೆನ್ಸ್‌ನಲ್ಲಿ ಬೇರೆ ನಮೂದು ಬೇಕು ಅಂತ 'ಟ್ರಾನ್ಸ್‌ಪೋರ್ಟ್ ಬ್ಯಾಡ್ಜ್' ಹೆಸರಲ್ಲಿ ಯಾರಾದರೂ ಸಾವಿರಗಟ್ಟಲೆ ಕೇಳಿದರೆ ಈ ತೀರ್ಪನ್ನು ನೆನಪಿಸಿ. ಆದರೆ ಗ್ಯಾಸ್ ಸಿಲಿಂಡರ್, ಡೀಸೆಲ್‌ನಂಥ ಅಪಾಯಕಾರಿ ಸರಕಿಗೆ ಈ ಸಡಿಲಿಕೆ ಇಲ್ಲ. ಅದಕ್ಕೆ ಬೇರೆ ತರಬೇತಿ, ಲೈಸೆನ್ಸ್‌ನಲ್ಲಿ ಬೇರೆ ನಮೂದು ಬೇಕೇ ಬೇಕು.

ಅರ್ಜಿ ಸಿಕ್ಕಿಬೀಳುವುದು ಹೆಚ್ಚಾಗಿ ಫೋಟೊ ಮತ್ತು ಸಹಿಯಲ್ಲಿ. ಎರಡೂ ಜೆಪಿಜಿಯಾಗಿ 10ರಿಂದ 20 ಕೆಬಿ ಒಳಗಿರಬೇಕು. ಮೊಬೈಲಿನ ಫೋಟೊ ಎಂಬಿಗಟ್ಟಲೆ ಇರುತ್ತದೆ, ಮೊದಲೇ ಕುಗ್ಗಿಸಿಟ್ಟುಕೊಳ್ಳಿ. ಸಹಿಯನ್ನು ಬಿಳಿ ಹಾಳೆ ಮೇಲೆ ಕಪ್ಪು ಪೆನ್ನಿನಲ್ಲಿ ಮಾಡಿ ಸುತ್ತಲಿನ ಜಾಗ ಕತ್ತರಿಸಿ. ಆಧಾರ್‌ಗೆ ಜೋಡಿಸಿದ ನಂಬರ್ ಕೈಯಲ್ಲಿರಲಿ, ಒಟಿಪಿ ಬರುವುದು ಅದಕ್ಕೇ. ನಲವತ್ತು ದಾಟಿದವರಿಗೆ ವೈದ್ಯರು ಕೊಡುವ ಆರೋಗ್ಯ ಪ್ರಮಾಣಪತ್ರ, ಫಾರ್ಮ್ 1ಎ, ಕಡ್ಡಾಯ. ಕೇಂದ್ರದ ಶುಲ್ಕ ಎಲ್‌ಎಲ್‌ಗೆ 150, ಪರೀಕ್ಷೆಗೆ 50, ಡ್ರೈವಿಂಗ್ ಟೆಸ್ಟ್‌ಗೆ 300 ರೂಪಾಯಿ.

ಎಲ್‌ಎಲ್ ಆರು ತಿಂಗಳು ನಡೆಯುತ್ತದೆ, ಟೆಸ್ಟ್‌ಗೆ 30 ದಿನ ಕಾಯಬೇಕು. ಆ ಅವಧಿಯಲ್ಲಿ ಗಾಡಿಯ ಮುಂದೆ-ಹಿಂದೆ ಬಿಳಿ ಹಿನ್ನೆಲೆಯಲ್ಲಿ ಕೆಂಪು 'ಎಲ್' ಇರಬೇಕು, 18 ಸೆಂ.ಮೀ. ಚೌಕಕ್ಕಿಂತ ಚಿಕ್ಕದಾಗಬಾರದು. ಲೈಸೆನ್ಸ್ ಇರುವವರು ಪಕ್ಕದಲ್ಲಿ ಕೂತಿರಲೇಬೇಕು.

ಟೆಸ್ಟ್‌ನಲ್ಲಿ ಪಿಕಪ್‌ನವರು ಎಡವುವುದು ರಿವರ್ಸ್‌ನಲ್ಲಿ. ಕಾರಿನಲ್ಲಿ ಕಲಿತವರು ಕುತ್ತಿಗೆ ತಿರುಗಿಸಿ ಹಿಂದಿನ ಗಾಜು ನೋಡುತ್ತಾರೆ. ಪಿಕಪ್‌ನಲ್ಲಿ ಬಾಡಿಯ ಮುಂದಿನ ಹಲಗೆಯೋ ತಾಡಪತ್ರಿಯೋ ಅಡ್ಡ ಬರುತ್ತದೆ. ಎರಡೂ ಬದಿಯ ಕನ್ನಡಿಯಲ್ಲಿ ಹಿಂದಿನ ಚಕ್ರ ನೆಲ ಮುಟ್ಟುವ ಜಾಗ ಕಾಣುವಂತೆ ಮೊದಲೇ ಕೆಳಕ್ಕೆ ತಿರುಗಿಸಿಟ್ಟುಕೊಳ್ಳಿ. ಖಾಲಿ ಗಾಡಿಯ ಹಿಂಭಾಗ ಹಗುರ, ಒಮ್ಮೆಲೇ ಕ್ಲಚ್ ಬಿಟ್ಟರೆ ಜಿಗಿಯುತ್ತದೆ. ಅರ್ಧ ಕ್ಲಚ್‌ನಲ್ಲೇ ನಿಧಾನ ತೆಗೆದುಕೊಳ್ಳಿ. ಟೆಸ್ಟ್‌ಗೆ ಒಯ್ಯುವ ಗಾಡಿಯ ಆರ್‌ಸಿ, ವಿಮೆ, ಹೊಗೆ ತಪಾಸಣೆ, ಎಫ್‌ಸಿ (ಗಾಡಿಯ ಫಿಟ್‌ನೆಸ್ ಪ್ರಮಾಣಪತ್ರ) ಎಲ್ಲವೂ ಚಾಲ್ತಿಯಲ್ಲಿರಲಿ. ಎಂಟು ವರ್ಷದವರೆಗಿನ ಗಾಡಿಗೆ ಎರಡು ವರ್ಷಕ್ಕೊಮ್ಮೆ ಎಫ್‌ಸಿ, ಆಮೇಲೆ ಪ್ರತಿ ವರ್ಷ.

ಗಾಡಿ ಕೊಳ್ಳುವ ಮೊದಲು ಆರ್‌ಸಿಯ ಅದೇ ಒಟ್ಟು ತೂಕವನ್ನು ಇನ್ನೊಮ್ಮೆ ನೋಡಿ. 3,000 ಕೆಜಿ ಒಳಗಿದ್ದರೆ ಪರ್ಮಿಟ್ ಬೇಡ. ಏಸ್ ಗೋಲ್ಡ್ ಆ ಗೆರೆಯ ಹತ್ತಿರಕ್ಕೂ ಬರುವುದಿಲ್ಲ, 1.7 ಟನ್ ಹೊರುವ ಬೊಲೆರೊ ಪಿಕಪ್ ದಾಟುತ್ತದೆ. ಓವರ್‌ಲೋಡ್‌ಗೆ ಮೋಟಾರು ವಾಹನ ಕಾಯ್ದೆಯ 194ನೇ ಕಲಂ ಪ್ರಕಾರ 20,000 ರೂಪಾಯಿ, ಹೆಚ್ಚುವರಿ ಪ್ರತಿ ಟನ್‌ಗೆ 2,000 ದಂಡ; ಹೆಚ್ಚಾದ ಸರಕು ಇಳಿಸಿದ ಮೇಲೆಯೇ ಗಾಡಿ ಬಿಡುತ್ತಾರೆ.

ಗಾಣಗಾಪುರಕ್ಕೋ ಮದುವೆಗೋ ಬಾಡಿಯಲ್ಲಿ ಜನ ತುಂಬಿಕೊಂಡು ಹೋಗುವುದು ನಮ್ಮ ಕಡೆ ಮಾಮೂಲು. ದಯವಿಟ್ಟು ಬೇಡ. ಗೂಡ್ಸ್ ಗಾಡಿಯ ಥರ್ಡ್ ಪಾರ್ಟಿ ವಿಮೆ ಸರಕಿನ ಮಾಲೀಕ ಅಥವಾ ಅವನ ಪ್ರತಿನಿಧಿಗೆ ಇದೆ, ಹಾಗೆ ಹತ್ತಿದ ಪ್ರಯಾಣಿಕರಿಗೆ ಇಲ್ಲ. ಗಾಡಿ ಉರುಳಿದರೆ ಪರಿಹಾರದ ಹೊರೆ ಬೀಳುವುದು ಮಾಲೀಕನ ಮತ್ತು ಚಾಲಕನ ತಲೆ ಮೇಲೆ.