‘ಶೇನ್’: ಮೂರು ಪ್ರತಿ ನೋಡಿದ ಮೇಲೆ ನನ್ನ ಆಯ್ಕೆ

1953ರ ಹಾಲಿವುಡ್ ಕೌಬಾಯ್ ಚಿತ್ರ ‘ಶೇನ್’ ನೋಡುವುದಾದರೆ ಬ್ಲೂ-ರೇ ಡಿಸ್ಕ್‌ನಲ್ಲೇ ನೋಡಿ. ನಾನು ಆನ್‌ಲೈನ್‌ನಲ್ಲಿ ಬಾಡಿಗೆ ಕೊಟ್ಟು ನೋಡಿದೆ, ಹಳೇ ಡಿವಿಡಿಯಲ್ಲಿ ನೋಡಿದೆ, ಕೊನೆಗೆ ಬ್ಲೂ-ರೇ ಕೊಂಡೆ.

ಬಾಡಿಗೆ ಪ್ರತಿ ಟಿವಿ ತುಂಬಾ ಬಂತು. ಮೊದಲು ಖುಷಿಯೇ ಆಯಿತು. ಐದು ನಿಮಿಷದಲ್ಲಿ ಏನೋ ಸರಿಯಿಲ್ಲ ಅನ್ನಿಸಿತು. ಕುದುರೆ ಮೇಲಿದ್ದವರ ಟೋಪಿ ಪರದೆಯ ಅಂಚಿಗೆ ತಾಗುತ್ತಿತ್ತು. ಹಿಂದಿನ ಟೀಟನ್ ಬೆಟ್ಟಗಳಿಗೆ ತುದಿಯೇ ಇಲ್ಲ! ಟಿವಿಯಲ್ಲಿ ಝೂಮ್ ಆಗಿರಬೇಕು ಅಂತ ರಿಮೋಟ್ ಹಿಡಿದು ಹುಡುಕಿದೆ. ಅದಲ್ಲ, ಪ್ರತಿಯನ್ನೇ ಕತ್ತರಿಸಿದ್ದರು.

ನಿರ್ದೇಶಕ ಜಾರ್ಜ್ ಸ್ಟೀವನ್ಸ್ ಇದನ್ನು 1951ರಲ್ಲಿ ಅಮೆರಿಕದ ವಯೋಮಿಂಗ್‌ನ ಜಾಕ್ಸನ್ ಹೋಲ್‌ನಲ್ಲಿ ತೆಗೆದಿದ್ದು 1.37:1 ಚೌಕಟ್ಟಿನಲ್ಲಿ, ಅಂದರೆ ಅಗಲ ಎತ್ತರದ 1.37 ಪಟ್ಟು, ಹೆಚ್ಚುಕಡಿಮೆ ಹಳೇ ಟಿವಿಯ ಆಕಾರ. ಬಿಡುಗಡೆ ಹೊತ್ತಿಗೆ ಅಗಲ ಪರದೆಯ ಹುಚ್ಚು ಶುರುವಾಗಿತ್ತು. ಹಾಗಾಗಿ ಮೇಲೆ ಕೆಳಗೆ ಮುಚ್ಚಿ 1.66:1ರಲ್ಲಿ ತೋರಿಸಿದರು. ನನಗೆ ಸಿಕ್ಕಿದ್ದು ಅದಕ್ಕಿಂತಲೂ ಅಗಲ.

ಇದು ಸಣ್ಣ ವಿಷಯ ಅಲ್ಲ. ಟೋರಿ ಸಾಯುವ ದೃಶ್ಯವನ್ನೇ ನೋಡಿ. ದನ ಸಾಕುವ ದೊಡ್ಡ ಕುಳ ರೈಕರ್ ಕರೆಸಿದ ಬಂದೂಕುಗಾರ ವಿಲ್ಸನ್, ಸಲೂನಿನ ಹಲಗೆ ಜಗಲಿ ಮೇಲೆ ನಿಂತಿರುತ್ತಾನೆ. ರೈತ ಟೋರಿ ಕೆಳಗೆ ಕೆಸರಿನಲ್ಲಿ ಜಾರುತ್ತಾ ಬರುತ್ತಾನೆ. ದನ ಸಾಕುವವರಿಗೂ ರೈತರಿಗೂ ಇರುವ ಇಡೀ ಜಗಳ ಆ ಎತ್ತರದಲ್ಲೇ ಇದೆ. ಮೊದಲು ಬಂದವನು ನಾನು, ಬಯಲೆಲ್ಲ ನನ್ನದು ಅನ್ನುವವರ ಕಡೆಯವನು ಮೇಲೆ. ಬೇಸಾಯಕ್ಕೆ 160 ಎಕರೆ ಸರ್ಕಾರಿ ಜಮೀನು ಕೊಡುವ ಅಮೆರಿಕದ 1862ರ ಕಾನೂನು ನಂಬಿ ಬೇಲಿ ಹಾಕಿದವರ ಕಡೆಯವನು ಕೆಳಗೆ. ಚಿತ್ರವನ್ನು ಮೇಲೆ ಕೆಳಗೆ ಕತ್ತರಿಸಿದರೆ ಕೆಸರೂ ಹೋಯಿತು, ಆಕಾಶವೂ ಹೋಯಿತು.

ಡಿವಿಡಿಯ ಚೌಕಟ್ಟು ಸರಿಯಿದೆ. ಆದರೆ ಕತ್ತಲ ದೃಶ್ಯಗಳಲ್ಲಿ ಮುಖ ಮಸುಕು.

ಅಮೆರಿಕದಲ್ಲಿ 2013ರಲ್ಲಿ ಬ್ಲೂ-ರೇ ಬರುವಾಗಲೂ ಮೊದಲು 1.66 ಅಂತಲೇ ಹೇಳಿದ್ದರು. ಅಭಿಮಾನಿಗಳು ಬಿಡಲಿಲ್ಲ, 1.37 ಆಯಿತು. ಲಾಯಲ್ ಗ್ರಿಗ್ಸ್‌ಗೆ ಆಸ್ಕರ್ ತಂದ ಛಾಯಾಗ್ರಹಣ ಅಂದರೆ ಏನು ಅಂತ ಇದರಲ್ಲಿ ಗೊತ್ತಾಗುತ್ತದೆ. ಶುರುವಿನಲ್ಲಿ ನೀರು ಕುಡಿಯುವ ಜಿಂಕೆ ತಲೆ ಎತ್ತುತ್ತದೆ. ಅದರ ಕೊಂಬಿನ ನಡುವೆ ದೂರದಲ್ಲಿ ಕಥಾನಾಯಕ ಶೇನ್ ಬರುತ್ತಿರುತ್ತಾನೆ. ಅಲ್ಲಿಗೆ ನಾನು ಮೂರು ಸಲ ಹಿಂದೆ ಹೋದೆ. ಎರಡೂ ಬದಿ ಕಪ್ಪು ಪಟ್ಟಿ ಕಂಡು ಅಪ್ಪ ‘ಟಿವಿ ಕೆಟ್ಟಿತಾ?’ ಅಂದರು. ಹತ್ತು ನಿಮಿಷಕ್ಕೆ ಅವರೂ ಮರೆತರು.

ದುಡ್ಡು ಜಾಸ್ತಿಯೇ. ಆದರೆ ನಾನು ಇಷ್ಟವಾದದ್ದನ್ನು ವರ್ಷಕ್ಕೊಮ್ಮೆಯಾದರೂ ನೋಡುವವನು, ಪ್ರತಿ ಸಲ ಬಾಡಿಗೆ ಕಟ್ಟುವುದು ನನಗೆ ಸರಿಹೋಗಲ್ಲ. ಒಂದೇ ಸಲ ನೋಡುವವರಿಗೆ ಡಿವಿಡಿ ಸಾಕು. ಬಾಡಿಗೆಗೇ ನೋಡುವುದಾದರೆ, ಬದಿಯ ಕಪ್ಪು ಪಟ್ಟಿ ಇದೆಯಾ ಅಂತ ಮೊದಲೇ ನೋಡಿದವರನ್ನು ಕೇಳಿ, ಆಮೇಲೆ ದುಡ್ಡು ಕಟ್ಟಿ.