ಬರೆಯುವ ಕೈಗೊಂದು ಆಸರೆ: ಹದಿನಾರು ತಿಂಗಳ ಬಳಕೆಯ ಅನುಭವ

ನಾನು ತೀರ್ಥಹಳ್ಳಿ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ಇಪ್ಪತ್ತೆರಡು ವರ್ಷಗಳಿಂದ ಕನ್ನಡ ಪಾಠ ಮಾಡುತ್ತಿದ್ದೇನೆ. ಪಾಠ ಟಿಪ್ಪಣಿ, ಹಾಜರಿ ಪುಸ್ತಕ, ಕಿರುಪರೀಕ್ಷೆಯ ಉತ್ತರ ಪತ್ರಿಕೆಗಳ ತಿದ್ದುವಿಕೆ, ಮಕ್ಕಳ ನಿಬಂಧದ ಅಂಚಿನಲ್ಲಿ ಬರೆಯುವ ಸೂಚನೆಗಳು, ಹೀಗೆ ದಿನಕ್ಕೆ ಎರಡು ಮೂರು ಗಂಟೆಯಾದರೂ ಕೈಬರಹದ ಕೆಲಸ ಇದ್ದೇ ಇರುತ್ತದೆ. 2023ರ ಕೊನೆಯ ಹೊತ್ತಿಗೆ ಕಾಲು ಗಂಟೆ ಬರೆಯುವಷ್ಟರಲ್ಲಿ ಹೆಬ್ಬೆರಳಿನ ಬುಡದಲ್ಲಿ ನೋವು ಶುರುವಾಗಿ ಮೊಣಕೈವರೆಗೆ ಹಬ್ಬತೊಡಗಿತು. ಅಕ್ಷರಗಳು ಪುಟದ ಕೆಳಭಾಗಕ್ಕೆ ಬರುತ್ತಿದ್ದಂತೆ ಕುಗ್ಗಿ, ಒತ್ತಕ್ಷರಗಳು ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುತ್ತಿದ್ದವು. ಮಕ್ಕಳ ಬರವಣಿಗೆಯನ್ನು ತಿದ್ದಬೇಕಾದ ನನ್ನ ಬರವಣಿಗೆಯೇ ಕೆಡುತ್ತಿದೆಯೆಂಬ ಸಂಕಟ ನೋವಿಗಿಂತ ಹೆಚ್ಚಾಗಿತ್ತು.

ಮೊದಲು ವೈದ್ಯರಿಗೆ ತೋರಿಸಿದೆ. ನರದ ತೊಂದರೆ ಇಲ್ಲವೆಂದು ಖಚಿತಪಡಿಸಿಕೊಂಡ ಮೇಲೆ ಅವರು ಫಿಸಿಯೋಥೆರಪಿಸ್ಟ್ ಒಬ್ಬರ ಬಳಿ ಕಳಿಸಿದರು. ಆ ಹುಡುಗ ನನ್ನ ಕೈ ಮುಟ್ಟುವ ಮೊದಲು ನನ್ನಿಂದ ಒಂದು ಪುಟ ಬರೆಸಿದ. ಬರೆದ ಹಾಳೆಯನ್ನು ಪಕ್ಕಕ್ಕಿಟ್ಟು, ಅದರ ಕೆಳಗಿದ್ದ ಖಾಲಿ ಹಾಳೆಗಳ ಮೇಲೆ ನನ್ನ ಬೆರಳನ್ನು ಆಡಿಸಲು ಹೇಳಿದ. ಮೂರನೆಯ ಹಾಳೆಯಲ್ಲೂ ಅಕ್ಷರಗಳ ಅಚ್ಚು ಬೆರಳಿಗೆ ತಿಳಿಯುವಷ್ಟು ಸ್ಪಷ್ಟವಾಗಿ ಮೂಡಿತ್ತು. "ಮೇಡಂ, ನೀವು ಪೆನ್ನನ್ನು ಹಿಡಿಯುತ್ತಿಲ್ಲ, ಹಿಂಡುತ್ತಿದ್ದೀರಿ" ಎಂದ. ವ್ಯಾಯಾಮಗಳ ಜೊತೆಗೆ, ಬರೆಯುವಾಗ ಅಂಗೈಯ ಕೆಳಗಿಟ್ಟು ಮಣಿಕಟ್ಟಿಗೆ ಕಟ್ಟಿಕೊಳ್ಳುವ ಈ ಕೈಯಾಸರೆಯನ್ನು ಬಳಸಿ ನೋಡಬಹುದು ಎಂದು ಸೂಚಿಸಿದವನೂ ಅವನೇ. 2024ರ ಜೂನ್‌ನಲ್ಲಿ ಆನ್‌ಲೈನ್‌ನಲ್ಲಿ 1,850 ರೂಪಾಯಿ ಕೊಟ್ಟು ತರಿಸಿಕೊಂಡೆ. ಮೊದಲು ಬಂದ ಅಳತೆ ದೊಡ್ಡದಾಯಿತು. ವಾಪಸು ಕಳಿಸಿ ಸರಿಯಾದದ್ದು ಸಿಗಲು ಒಂಬತ್ತು ದಿನ ಹಿಡಿಯಿತು. ಕೊಳ್ಳುವವರು ಅಂಗೈಯ ಅಗಲವನ್ನು, ಹೆಬ್ಬೆರಳನ್ನು ಬಿಟ್ಟು, ಟೇಪಿನಿಂದ ಅಳೆದೇ ಆರಿಸಿಕೊಳ್ಳಬೇಕು.

ವಸ್ತುವಿನ ರಚನೆ ಸರಳ. ಅಂಗೈಯ ಹೊರ ಅಂಚು, ಅಂದರೆ ಕಿರುಬೆರಳಿನ ಕಡೆಯ ಭಾಗ, ಕೂರುವಂತೆ ಬಾಗಿದ ಒಂದು ಪ್ಲಾಸ್ಟಿಕ್ ತಟ್ಟೆ. ಅದರ ಮೇಲೆ ಸ್ಪಂಜಿನ ಮೆತ್ತೆ. ಕೆಳಗೆ ಮೂರು ಚಿಕ್ಕ ಉಕ್ಕಿನ ಗುಂಡುಗಳು. ಈ ಗುಂಡುಗಳ ಮೇಲೆ ಕೈ ಕಾಗದದ ಮೇಲೆ ಜಾರುತ್ತದೆ. ಮಣಿಕಟ್ಟಿಗೆ ಒಂದು ವೆಲ್ಕ್ರೋ ಪಟ್ಟಿ. ತಟ್ಟೆಗೂ ಪಟ್ಟಿಗೂ ನಡುವೆ ಇರುವ ಕೀಲನ್ನು ಒಂದು ತಿರುಪಿನಿಂದ ಬೇಕಾದ ಕೋನಕ್ಕೆ ನಿಲ್ಲಿಸಬಹುದು. ಬರೆಯುವಾಗ ಮಣಿಕಟ್ಟು ಒಳಕ್ಕೆ ಮಡಿಚಿಕೊಳ್ಳದೆ ಸ್ವಲ್ಪ ಹಿಂದಕ್ಕೆ ಬಾಗಿರಬೇಕು. ಆಗ ಬೆರಳುಗಳು ಹೆಚ್ಚು ಬಲ ಹಾಕದೆಯೇ ಪೆನ್ನನ್ನು ಹಿಡಿಯಬಲ್ಲವು, ಹಿಂಡುವ ಅಗತ್ಯ ಬೀಳುವುದಿಲ್ಲ. ಮಣಿಕಟ್ಟು ಒಳಕ್ಕೆ ಬಾಗಿದಾಗ ಮುಷ್ಟಿ ಬಿಗಿಹಿಡಿಯುವುದು ಎಷ್ಟು ಕಷ್ಟವೆಂದು ಯಾರಾದರೂ ಈಗಲೇ ಪರೀಕ್ಷಿಸಿ ನೋಡಬಹುದು. ಕೀಲಿನ ಉದ್ದೇಶ ಆ ಕೋನವನ್ನು ಕಾಪಾಡುವುದು. ಗುಂಡುಗಳ ಉದ್ದೇಶ ಬರವಣಿಗೆಯ ಚಲನೆಯನ್ನು ಬೆರಳುಗಳಿಂದ ಮುಂಗೈಗೂ ತೋಳಿಗೂ ಹಂಚುವುದು.

ಈ ಆಲೋಚನೆ ಹೊಸದಲ್ಲ. 19ನೇ ಶತಮಾನದ ಆರಂಭದಲ್ಲಿ ಇಂಗ್ಲೆಂಡಿನ ಜೋಸೆಫ್ ಕಾರ್‌ಸ್ಟೇರ್ಸ್ ಎಂಬ ಬರವಣಿಗೆಯ ಶಿಕ್ಷಕ, ಕಲಿಯುವವರ ಬೆರಳುಗಳನ್ನು ಪಟ್ಟಿಯಿಂದ ಕಟ್ಟಿ, ತೋಳನ್ನು ಆಡಿಸಿಯೇ ಬರೆಯುವಂತೆ ಅಭ್ಯಾಸ ಮಾಡಿಸುತ್ತಿದ್ದ. ನಮ್ಮಲ್ಲಿ ಓಲೆಗರಿಯ ಮೇಲೆ ಕಂಟದಿಂದ, ಅಂದರೆ ಚೂಪಾದ ಲೋಹದ ಲೇಖನಿಯಿಂದ, ಬರೆಯುತ್ತಿದ್ದವರ ಕ್ರಮ ಇದಕ್ಕಿಂತ ನನಗೆ ಹೆಚ್ಚು ಹಿಡಿಸುತ್ತದೆ: ಗರಿಯನ್ನು ಎಡಗೈಯಲ್ಲಿ ಹಿಡಿದು, ಬಲಗೈಯ ಕಂಟಕ್ಕೆ ಎಡಗೈ ಹೆಬ್ಬೆರಳನ್ನೇ ಆಸರೆಯಾಗಿ ಕೊಡುತ್ತಿದ್ದರು. ಎರಡೂ ಕೈಗಳು ಹೊರೆಯನ್ನು ಹಂಚಿಕೊಳ್ಳುತ್ತಿದ್ದವು. ಕಾಗದ ಬಂದ ಮೇಲೆ ಎಡಗೈ ಹಾಳೆಯನ್ನು ಒತ್ತಿ ಹಿಡಿಯುವುದಕ್ಕಷ್ಟೇ ಉಳಿಯಿತು, ಭಾರವೆಲ್ಲ ಬಲಗೈಯ ಮೂರು ಬೆರಳುಗಳ ಮೇಲೆ ಬಿತ್ತು.

ಮೊದಲ ಎರಡು ತಿಂಗಳು ಸುಲಭವಾಗಿರಲಿಲ್ಲ. ನನ್ನ ದಿನಚರಿಯಲ್ಲಿ ಗುರುತಿಟ್ಟಂತೆ, ಆಸರೆ ಇಲ್ಲದೆ ಹತ್ತು ನಿಮಿಷಕ್ಕೆ ಹದಿನಾಲ್ಕು ಸಾಲು ಬರೆಯುತ್ತಿದ್ದ ನಾನು ಆಸರೆ ಕಟ್ಟಿಕೊಂಡು ಹತ್ತೇ ಸಾಲು ಬರೆಯುತ್ತಿದ್ದೆ. ಕೈ ತನ್ನ ಪಾಡಿಗೆ ಜಾರಿಹೋಗುತ್ತಿತ್ತು, ದುಂಡಾಗಬೇಕಾದ "ರ" ಮೊಟ್ಟೆಯಂತಾಗುತ್ತಿತ್ತು. ಆದರೆ ನಿಜವಾದ ತೊಂದರೆ ಬೇರೆಯೇ ಇತ್ತು, ಮತ್ತು ಈ ವಿಮರ್ಶೆಯನ್ನು ಬರೆಯಲು ಮುಖ್ಯ ಕಾರಣವೂ ಅದೇ.

ಪೆಟ್ಟಿಗೆಯೊಳಗಿನ ಸೂಚನಾ ಪತ್ರದಲ್ಲಿರುವ ಅಭ್ಯಾಸಗಳೆಲ್ಲ ಇಂಗ್ಲಿಷ್ ಕೂಡುಬರಹಕ್ಕೆ ಹೊಂದುವಂಥವು. ಅಲ್ಲಿ ಪೆನ್ನು ಒಂದೇ ಗೆರೆಯ ಮೇಲೆ ಎಡದಿಂದ ಬಲಕ್ಕೆ ಹರಿಯುತ್ತ ಹೋಗುತ್ತದೆ, ಮೇಲೆ ಕೆಳಗೆ ಹೋಗುವ ದೂರ ಕಡಿಮೆ. ಕನ್ನಡದ ಕೈ ಹಾಗೆ ನಡೆಯುವುದಿಲ್ಲ. "ಸ್ವಾತಂತ್ರ್ಯ" ಎಂದು ಬರೆದು ನೋಡಿ. ಸಕಾರದ ಮೈ ಬರೆದು, ಆಕಾರ ಎಳೆದು, ಪೆನ್ನು ಕೆಳಗಿಳಿದು ವಕಾರದ ಒತ್ತು ಹಾಕಿ, ಮತ್ತೆ ಮೇಲೇರಿ "ತ" ಬರೆದು, ಸೊನ್ನೆ ಇಟ್ಟು, ಇನ್ನೊಂದು "ತ" ಬರೆದು, ಅದರ ಕೆಳಗೆ ರಕಾರದ ಒತ್ತು, ಅದರ ಪಕ್ಕದಲ್ಲಿ ಯಕಾರದ ಒತ್ತು ಹಾಕಬೇಕು. ಒಂದೇ ಪದದಲ್ಲಿ ಕೈ ಎರಡು ಸಲ ಗೆರೆಯಿಂದ ಕೆಳಗಿಳಿಯುತ್ತದೆ. ಸೂಚನಾ ಪತ್ರ ಹೇಳಿದಂತೆ ಕೀಲಿನ ತಿರುಪನ್ನು ಪೂರ್ತಿ ಬಿಗಿಮಾಡಿದರೆ ಆ ಇಳಿತಕ್ಕೆ ಮಣಿಕಟ್ಟು ಒದಗುವುದಿಲ್ಲ. ಬೆರಳುಗಳೇ ಚಾಚಿಕೊಂಡು ಒತ್ತನ್ನು ಹಾಕಬೇಕಾಗುತ್ತದೆ. ಬೆರಳುಗಳ ಹೊರೆಯನ್ನು ಇಳಿಸಬೇಕಾದ ವಸ್ತು ಅದನ್ನು ಹೆಚ್ಚಿಸುತ್ತದೆ. ಮೊದಲ ಆರು ವಾರ ನನ್ನ ನೋವು ಕಡಿಮೆಯಾಗದಿದ್ದುದಕ್ಕೆ ಇದೇ ಕಾರಣವೆಂದು ನಾನು ನಂಬುತ್ತೇನೆ.

ಉಪಾಯ ಕಂಡದ್ದು ಕಲಿಸುವಾಗಲೇ. ಒಂಬತ್ತನೇ ತರಗತಿಯಲ್ಲಿ ಸಂಯುಕ್ತಾಕ್ಷರಗಳನ್ನು ಕಪ್ಪುಹಲಗೆಯ ಮೇಲೆ ಬರೆಯುತ್ತಿದ್ದೆ. ಹಲಗೆಯ ಮೇಲೆ ಒತ್ತು ಬರೆಯುವಾಗ ನನ್ನ ಮಣಿಕಟ್ಟು ಬಾಗುವುದೇ ಇಲ್ಲ, ಇಡೀ ತೋಳು ಮೊಣಕೈಯ ಸಮೇತ ಕೆಳಗಿಳಿಯುತ್ತದೆ ಎಂಬುದು ಅಂದು ಗಮನಕ್ಕೆ ಬಂತು. ಮನೆಗೆ ಬಂದು ತಿರುಪನ್ನು ಒಂದೂವರೆ ಸುತ್ತು ಸಡಿಲಿಸಿದೆ, ಕೀಲು ಅಲುಗಾಡುವಷ್ಟು, ಆದರೆ ಕುಸಿಯದಷ್ಟು. ಮೊಣಕೈಯನ್ನು ಮೇಜಿನ ಅಂಚಿನಿಂದ ಹೊರಗೆ ಬಿಡದೆ ಪೂರ್ತಿ ಮೇಜಿನ ಮೇಲಿಟ್ಟೆ, ಹಾಳೆಯನ್ನು ಎಡಕ್ಕೆ ಓರೆಯಾಗಿಸಿದೆ. ಒತ್ತು ಹಾಕುವಾಗ ಮುಂಗೈಯನ್ನೇ ನನ್ನತ್ತ ಒಂದಿಷ್ಟು ಎಳೆದುಕೊಂಡೆ; ಗುಂಡುಗಳು ಸದ್ದಿಲ್ಲದೆ ಉರುಳಿದವು. ಅದೇ ರಾತ್ರಿ "ರಾಷ್ಟ್ರ", "ಸಾಮರ್ಥ್ಯ", "ವೈಶಿಷ್ಟ್ಯ" ಎಂಬ ಮೂರು ಪದಗಳನ್ನು ಎರಡು ಪುಟ ತುಂಬ ಬರೆದೆ. ಕೈ ನೋಯಲಿಲ್ಲ. ಎರಡನೆಯ ಪುಟದ ಕೊನೆಯ ಸಾಲಿನ ಒತ್ತುಗಳು ಮೊದಲ ಸಾಲಿನ ಒತ್ತುಗಳಷ್ಟೇ ದೊಡ್ಡದಾಗಿದ್ದವು.

ಅಲ್ಲಿಂದ ಮುಂದೆ ದಿನಕ್ಕೆ ಇಪ್ಪತ್ತು ನಿಮಿಷ, ಬೆಳಿಗ್ಗೆ ಶಾಲೆಗೆ ಹೊರಡುವ ಮೊದಲು, ಆಸರೆ ಕಟ್ಟಿಕೊಂಡು ಬರೆಯುವ ಕ್ರಮವನ್ನು ತಪ್ಪಿಸಲಿಲ್ಲ. ಮೂರನೆಯ ತಿಂಗಳ ಕೊನೆಗೆ ವೇಗ ಹಳೆಯ ಮಟ್ಟಕ್ಕೆ ಬಂತು. ಆರನೆಯ ತಿಂಗಳಲ್ಲಿ ಆಸರೆ ಇಲ್ಲದೆಯೇ ನಲವತ್ತೈದು ನಿಮಿಷ ಬಿಡದೆ ಬರೆಯಬಲ್ಲವಳಾದೆ. ಫಿಸಿಯೋಥೆರಪಿಸ್ಟ್ ತೋರಿಸಿದ ಪರೀಕ್ಷೆಯನ್ನು ಪ್ರತಿ ತಿಂಗಳ ಮೊದಲ ಭಾನುವಾರ ಮಾಡಿಕೊಳ್ಳುತ್ತೇನೆ: ಈಗ ಎರಡನೆಯ ಹಾಳೆಯ ಮೇಲೆ ಮಾತ್ರ ಅಚ್ಚು ತಿಳಿಯುತ್ತದೆ, ಅದೂ ಬೆಳಕಿಗೆ ಓರೆಯಾಗಿ ಹಿಡಿದರೆ. ವ್ಯಾಯಾಮಗಳನ್ನೂ ಮಾಡುತ್ತಿದ್ದುದರಿಂದ ಇಷ್ಟೂ ಗುಣ ಈ ವಸ್ತುವಿನದೇ ಎಂದು ಹೇಳಲಾರೆ. ಆದರೆ ಹಿಡಿತ ಬಿಗಿಯಾದ ಕ್ಷಣವನ್ನು ಗುರುತಿಸಲು ಕಲಿಸಿದ್ದು ಇದೇ. ಹಿಂಡಿ ಬರೆಯತೊಡಗಿದರೆ ಗುಂಡುಗಳು ಕಾಗದಕ್ಕೆ ಕಚ್ಚಿಕೊಂಡು ಕೈ ನಿಂತುಬಿಡುತ್ತದೆ. ನಿಂತಾಗ ಬೆರಳು ಸಡಿಲಿಸಲೇಬೇಕು. ಯಾರೋ ಪಕ್ಕದಲ್ಲಿ ಕುಳಿತು ಎಚ್ಚರಿಸುತ್ತಿದ್ದಂತೆ ಅದು ಕೆಲಸ ಮಾಡುತ್ತದೆ.

ಕೊರತೆಗಳನ್ನೂ ಅಷ್ಟೇ ವಿವರವಾಗಿ ಹೇಳಬೇಕು, ಏಕೆಂದರೆ ಹಣ ಕೊಟ್ಟು ಕೊಳ್ಳುವವರಿಗೆ ಅವು ಮೊದಲೇ ತಿಳಿದಿರಬೇಕು. ನಮ್ಮ ಮಲೆನಾಡಿನ ಮಳೆಗಾಲ ಈ ವಸ್ತುವಿಗೆ ಒಗ್ಗುವುದಿಲ್ಲ. ಮೊದಲ ಜುಲೈನಲ್ಲೇ ಮೆತ್ತೆಗೆ ಬೂಷ್ಟು ಹಿಡಿಯಿತು. ಅದು ತಟ್ಟೆಗೆ ಅಂಟಿಕೊಂಡೇ ಇರುವುದರಿಂದ ಬಿಚ್ಚಿ ತೊಳೆಯುವಂತಿಲ್ಲ. ಒದ್ದೆ ಬಟ್ಟೆಯಲ್ಲಿ ಒರೆಸಿ ಒಲೆಯ ಮೇಲಿನ ಅಟ್ಟದ ಬಿಸಿಗೆ ಇಟ್ಟು ಒಣಗಿಸಬೇಕಾಯಿತು. ಉಕ್ಕಿನ ಗುಂಡುಗಳಲ್ಲಿ ಒಂದಕ್ಕೆ ತುಕ್ಕು ಹಿಡಿಯಿತು. ಶಾಲೆಗೆ ಒಯ್ದ ದಿನಗಳಲ್ಲಿ ಸೀಮೆಸುಣ್ಣದ ಪುಡಿ ಗುಂಡುಗಳ ಕುಳಿಯೊಳಗೆ ಸೇರಿ ಅವು ಉರುಳದಂತಾದವು. ಹೊಲಿಗೆ ಯಂತ್ರದ ಎಣ್ಣೆ ಒಂದು ಹನಿ ಬಿಟ್ಟೆ. ಮರುದಿನ ಅದೇ ಆಸರೆಯಿಂದ ಎಂಟನೇ ತರಗತಿಯ ಕಿರುಪರೀಕ್ಷೆಯ ಉತ್ತರ ಪತ್ರಿಕೆಗಳನ್ನು ತಿದ್ದಲು ಕುಳಿತಾಗ ಹನ್ನೊಂದು ಮಕ್ಕಳ ಹಾಳೆಗಳ ಮೇಲೆ ಎಣ್ಣೆಯ ಕಲೆ ಸಾಲಾಗಿ ಮೂಡಿತು. ಒಂದು ಹುಡುಗಿಯ ಉತ್ತರದಲ್ಲಿ ಶಾಯಿ ಹರಡಿ ಎರಡು ಸಾಲು ಓದಲಾಗಲಿಲ್ಲ. ಅವಳನ್ನು ಕರೆದು ಆ ಉತ್ತರವನ್ನು ಬಾಯಿಂದ ಹೇಳಿಸಿ ಅಂಕ ಕೊಟ್ಟೆ. ಎಣ್ಣೆ ಹಾಕಬಾರದು, ಒಣ ಕುಂಚದಿಂದ ಪುಡಿಯನ್ನು ತೆಗೆಯಬೇಕು ಎಂಬ ಒಂದು ಸಾಲನ್ನು ಸೂಚನಾ ಪತ್ರದಲ್ಲಿ ಮುದ್ರಿಸಿದ್ದರೆ ಇದು ತಪ್ಪುತ್ತಿತ್ತು. ಮಾರಾಟಗಾರರಿಗೆ ಎರಡು ಸಲ ಬರೆದೆ; ಬಿಡಿಭಾಗ ಸಿಗುವುದಿಲ್ಲವೆಂದು ಒಮ್ಮೆ ಉತ್ತರ ಬಂತು, ಎರಡನೆಯದಕ್ಕೆ ಉತ್ತರವೇ ಬರಲಿಲ್ಲ. ಏಳನೆಯ ತಿಂಗಳಲ್ಲಿ ವೆಲ್ಕ್ರೋ ಹಿಡಿತ ಬಿಟ್ಟಿತು. ಪೇಟೆಯಲ್ಲಿ ಚಪ್ಪಲಿ ರಿಪೇರಿ ಮಾಡುವವರು ನಲವತ್ತು ರೂಪಾಯಿಗೆ ಹೊಸ ಪಟ್ಟಿ ಹೊಲಿದುಕೊಟ್ಟರು, ಅದು ಮೂಲ ಪಟ್ಟಿಗಿಂತ ಗಟ್ಟಿಯಾಗಿದೆ.

ಮಕ್ಕಳಿಗೆ ಇದನ್ನು ಕೊಡಿಸಬಹುದೇ ಎಂದು ಸಹೋದ್ಯೋಗಿಗಳು ಕೇಳುತ್ತಾರೆ. ನನ್ನ ಮಗಳು ಆಗ ಏಳನೇ ತರಗತಿಯಲ್ಲಿದ್ದಳು. ಹೆಬ್ಬೆರಳನ್ನು ತೋರುಬೆರಳಿನ ಮೇಲೆ ಸುತ್ತಿ, ಪೆನ್ಸಿಲನ್ನು ಮುಷ್ಟಿಯಲ್ಲಿ ಹಿಡಿದಂತೆ ಬರೆಯುವ ಅಭ್ಯಾಸ ಅವಳದು. ಇಂಥ ಆಸರೆಗಳಲ್ಲಿ ಚಿಕ್ಕ ಅಳತೆಯದನ್ನು ತರಿಸಿ ನಾಲ್ಕು ತಿಂಗಳು ಬಳಸಿದೆವು. "ಅಮ್ಮ, ಇದು ಕೈಯನ್ನು ಹಿಡಿದುಕೊಳ್ಳುತ್ತದೆ, ಬೆರಳನ್ನು ಹಿಡಿದುಕೊಳ್ಳುವುದಿಲ್ಲವಲ್ಲ" ಎಂದು ಅವಳು ಎರಡನೆಯ ವಾರದಲ್ಲೇ ಹೇಳಿದ್ದು ಸರಿಯಾಗಿತ್ತು. ಆಸರೆ ಅಂಗೈಗೆ, ಬೆರಳಿನ ಹಿಡಿತ ತಪ್ಪಾಗಿದ್ದರೆ ಅದು ತಿದ್ದಲಾರದು. ಅವಳಿಗೆ ಒದಗಿದ್ದು ನಮ್ಮ ಹಳೆಯ ಬಳಪದ ತುಂಡು. ಒಂದು ಅಂಗುಲದ ಬಳಪವನ್ನು ಮುಷ್ಟಿಯಲ್ಲಿ ಹಿಡಿಯಲು ಬರುವುದೇ ಇಲ್ಲ. ಹೆಬ್ಬೆರಳು, ತೋರುಬೆರಳುಗಳ ತುದಿ ಮತ್ತು ನಡುಬೆರಳಿನ ಪಕ್ಕ, ಈ ಮೂರರ ನಡುವೆ ಅದು ತಾನಾಗಿ ಕೂರುತ್ತದೆ. ರಾತ್ರಿ ಊಟಕ್ಕೆ ಮೊದಲು ಸ್ಲೇಟಿನ ಮೇಲೆ ಅರ್ಧ ಗಂಟೆ ಬರೆಸಿದೆ. ಉಳಿದ ಎರಡು ಬೆರಳುಗಳು ಬಿಡಿಸಿಕೊಳ್ಳದಿರಲಿ ಎಂದು ಅವುಗಳ ಕೆಳಗೆ ಒಂದು ಹುಣಸೆ ಬೀಜವನ್ನು ಅಂಗೈಗೆ ಒತ್ತಿ ಹಿಡಿಯಲು ಹೇಳಿದೆ. ಮೂರು ತಿಂಗಳಲ್ಲಿ ಹಿಡಿತ ಬದಲಾಯಿತು. ಆದ್ದರಿಂದ ಬೆರಳಿನ ಹಿಡಿತದ ತೊಂದರೆ ಇರುವ ಮಕ್ಕಳಿಗಾಗಿ ಈ ವಸ್ತುವಿನ ಮೇಲೆ ಹಣ ಹಾಕುವುದು ಬೇಡ.

ಬರೆಯುವಾಗ ಬೆರಳುಗಳು ತಾವಾಗಿ ಸೆಟೆದುಕೊಳ್ಳುವುದು, ತಿರುಚಿಕೊಳ್ಳುವುದು, ಮರಗಟ್ಟುವುದು ಇದ್ದವರು ಮೊದಲು ನರರೋಗ ತಜ್ಞರನ್ನು ಕಾಣಬೇಕು. ಬೆರಳುಗಳು ಸೆಟೆದು ತಿರುಚಿಕೊಳ್ಳುವ, ಬರಹಗಾರರ ಸೆಳೆತವೆಂದು ಕರೆಯುವ ತೊಂದರೆಯ ಮೂಲ ಕೈಯಲ್ಲಿಲ್ಲ, ಚಲನೆಯನ್ನು ನಿಯಂತ್ರಿಸುವ ಮೆದುಳಿನಲ್ಲಿದೆ. ತಟ್ಟೆಯೂ ಗುಂಡುಗಳೂ ಅದನ್ನು ಗುಣಪಡಿಸವು. ನನ್ನಂತೆ ಬಿಗಿಹಿಡಿತ ಮತ್ತು ಅತಿಬರಹದಿಂದ ಕೈ ಸೋತವರಿಗೆ ಇದು ಉಪಯುಕ್ತ. ಇಟಲಿಯ ವೈದ್ಯ ಬರ್ನಾರ್ಡಿನೋ ರಾಮಾಝಿನಿ 1713ರಲ್ಲೇ ಗುಮಾಸ್ತರ ಕಾಯಿಲೆಗಳಿಗೆ ಮೂರು ಕಾರಣಗಳನ್ನು ಗುರುತಿಸಿದ್ದ: ಸದಾ ಕುಳಿತಿರುವುದು, ಕೈಯ ಒಂದೇ ಬಗೆಯ ಎಡೆಬಿಡದ ಚಲನೆ, ಲೆಕ್ಕದಲ್ಲಿ ತಪ್ಪಾಗಬಾರದೆಂಬ ಮನಸ್ಸಿನ ಬಿಗಿತ. ಮೂರನೆಯದು ನನಗೆ ಚೆನ್ನಾಗಿ ಗೊತ್ತು. ಅಂಕಗಳನ್ನು ಕೂಡಿಸುವ ಹೊತ್ತಿನಲ್ಲಿ ನನ್ನ ಹಿಡಿತ ಈಗಲೂ ಬಿಗಿಯಾಗುತ್ತದೆ.

ಸದ್ಯ ಈ ಆಸರೆಯನ್ನು ಪ್ರತಿದಿನ ಬಳಸುತ್ತಿಲ್ಲ. ಉತ್ತರ ಪತ್ರಿಕೆಗಳ ಕಟ್ಟು ಮನೆಗೆ ಬಂದ ದಿನ, ಮತ್ತು ವಾರಕ್ಕೆರಡು ಬೆಳಿಗ್ಗೆ ಅಭ್ಯಾಸಕ್ಕೆಂದು ಕಟ್ಟಿಕೊಳ್ಳುತ್ತೇನೆ. ಮೆತ್ತೆ ಒಂದು ಕಡೆ ಹರಿದಿದೆ. ಹಳೆಯ ಉಣ್ಣೆ ಶಾಲಿನ ತುಂಡೊಂದನ್ನು ನಾಲ್ಕು ಪದರ ಮಡಿಸಿ ಅದರ ಮೇಲೆ ಹೊಲಿದಿದ್ದೇನೆ. ಅದನ್ನು ಬಿಚ್ಚಿ ಒಗೆಯಬಹುದು. ಕೊಳ್ಳುವವರು ಮೊದಲ ದಿನವೇ ಅಂಥದೊಂದು ಹೊದಿಕೆ ಹೊಲಿದುಕೊಳ್ಳಲಿ, ತಿರುಪನ್ನು ಒಂದೂವರೆ ಸುತ್ತು ಸಡಿಲಿಸಲಿ, ಮಳೆಗಾಲದಲ್ಲಿ ಅಕ್ಕಿ ಡಬ್ಬದೊಳಗೆ ಇಡಲಿ.