ಚುಕ್ಕೆಗೆ ಒಂದು ಕಣ್ಣು, ಕಲೆಗೆ ಇನ್ನೊಂದು: ಪರದೆ ತಪಾಸಣೆಯ ಮೂರು ದಾರಿ

ಪೀಣ್ಯದ ನಮ್ಮ ಸಣ್ಣ ಘಟಕದಲ್ಲಿ ಯಂತ್ರಗಳಿಗೆ ಕೂರಿಸುವ 7 ಇಂಚಿನ ಪರದೆಗಳನ್ನು ಜೋಡಿಸುತ್ತೇವೆ. ಪ್ಯಾನೆಲ್, ಅಂದರೆ ಚಿತ್ರ ಮೂಡಿಸುವ ಫಲಕ, ಹೊರಗಿನಿಂದ ಬರುತ್ತದೆ. ಮೇಲಿನ ಗಾಜು, ಚೌಕಟ್ಟು, ಸರ್ಕೀಟ್ ನಮ್ಮದು. ಕಳೆದ ವರ್ಷ ಗ್ರಾಹಕರೊಬ್ಬರು ಒಂದೇ ಪೆಟ್ಟಿಗೆಯಿಂದ ಮೂರು ಪರದೆಗಳನ್ನು ಹಿಂದಿರುಗಿಸಿದರು. ಎರಡರಲ್ಲಿ ಒಂದೊಂದು ಚುಕ್ಕೆ ಆರದೆ ಉರಿಯುತ್ತಿತ್ತು, ಮೂರನೆಯದರ ಮೂಲೆಯಲ್ಲಿ ಮೋಡ ಕವಿದಂತಹ ಕಲೆ. ಮೂರೂ ನಮ್ಮ ತಪಾಸಣೆ ದಾಟಿಯೇ ಹೋಗಿದ್ದವು. ಕ್ಯಾಮೆರಾ ಇಡೋಣ ಎಂಬ ಮಾತು ಅಂದು ಶುರುವಾಯಿತು, ಯಾವ ಕ್ಯಾಮೆರಾ ಎಂಬ ಜಗಳವೂ ಅದರ ಬೆನ್ನಿಗೇ ಬಂತು.

ಒಳ್ಳೆಯವು, ಕೆಟ್ಟವು ಎರಡನ್ನೂ ಬೆರೆಸಿ 60 ಪ್ಯಾನೆಲ್‌ಗಳಿಗೆ ಸಂಖ್ಯೆ ಬರೆದೆ. ಎಲ್ಲವನ್ನೂ ಮೊದಲು ನಮ್ಮ ತಪಾಸಣೆಯ ಅಕ್ಕನ ಕೈಗೆ, ನಂತರ ಒಂದು ಅಗ್ಗದ ಕ್ಯಾಮೆರಾಕ್ಕೆ, ಕೊನೆಗೆ ವಿತರಕರಿಂದ ಎರಡು ವಾರಕ್ಕೆ ಎರವಲು ತಂದ 20 ಮೆಗಾಪಿಕ್ಸೆಲ್ ಕೈಗಾರಿಕಾ ಕ್ಯಾಮೆರಾಕ್ಕೆ ಒಪ್ಪಿಸಿದೆ.

ಅಕ್ಕ ಕತ್ತಲೆ ಗೂಡಿನಲ್ಲಿ ಕುಳಿತು ಬಿಳಿ, ಕಪ್ಪು, ಕೆಂಪು, ಹಸಿರು, ನೀಲಿ, ಬೂದು ಬಣ್ಣಗಳನ್ನು ಒಂದೊಂದಾಗಿ ಹಾಕಿ ನೋಡುತ್ತಾರೆ. ಪರದೆಯನ್ನು ಸ್ವಲ್ಪ ಓರೆ ಮಾಡುವುದು, ಅನುಮಾನವಿದ್ದಲ್ಲಿ ಬಟ್ಟೆಯಿಂದ ಒರೆಸಿ ಮತ್ತೆ ನೋಡುವುದು, ಇವೆರಡನ್ನೂ ಯಾವ ಕ್ಯಾಮೆರಾವೂ ತಾನಾಗಿ ಮಾಡಲಿಲ್ಲ. ಮರುದಿನ ಅದೇ 60ನ್ನು ಕ್ರಮ ಬದಲಿಸಿ ಮತ್ತೆ ಅವರ ಮುಂದಿಟ್ಟೆ. ಚುಕ್ಕೆಗಳ ವಿಷಯದಲ್ಲಿ ತೀರ್ಪು ಹೆಚ್ಚುಕಡಿಮೆ ಅದೇ ಬಂತು, ಕಲೆಗಳ ವಿಷಯದಲ್ಲಿ ಹಲವು ಕಡೆ ತಿರುಗಿಬಿತ್ತು. ಹೇಳಿದಾಗ ಅವರೇ ನಕ್ಕರು: "ಸರ್, ಊಟವಾದ ಮೇಲೆ ಎಲ್ಲ ಪರದೆಯೂ ಚೆನ್ನಾಗಿಯೇ ಕಾಣುತ್ತದೆ."

ಅಗ್ಗದ ಕ್ಯಾಮೆರಾ ಎಂದರೆ ರಾಸ್ಪ್‌ಬೆರಿ ಪೈ ಸಂಸ್ಥೆ 2020ರಲ್ಲಿ 50 ಡಾಲರ್‌ಗೆ ಬಿಡುಗಡೆ ಮಾಡಿದ, 12.3 ಮೆಗಾಪಿಕ್ಸೆಲ್‌ನ ಎಚ್‌ಕ್ಯೂ ಕ್ಯಾಮೆರಾ. ಪ್ಲೈವುಡ್ ಪೆಟ್ಟಿಗೆಗೆ ಒಳಗಡೆ ಕಪ್ಪು ಮಖಮಲ್ಲು ಅಂಟಿಸಿ ಮೇಲೆ ಇದನ್ನು ಕೂರಿಸಿದೆ. ಲೆಕ್ಕ ಕಾಗದದ ಮೇಲೆ ಚೆನ್ನಾಗಿತ್ತು. ನಮ್ಮ ಪ್ಯಾನೆಲ್ 1024×600, ಒಂದು ಪಿಕ್ಸೆಲ್‌ಗೆ ಕೆಂಪು, ಹಸಿರು, ನೀಲಿ ಎಂದು ಮೂರರಂತೆ ಒಟ್ಟು 18,43,200 ಉಪಪಿಕ್ಸೆಲ್‌ಗಳು. ಕ್ಯಾಮೆರಾ ಅಗಲದಲ್ಲಿ 4056 ಬಿಂದುಗಳನ್ನು ಹಿಡಿಯುತ್ತದೆ, ಅಂದರೆ ಪರದೆಯ ಒಂದು ಪಿಕ್ಸೆಲ್‌ಗೆ ಸುಮಾರು ನಾಲ್ಕು. ಸಾಕಲ್ಲ ಎಂದುಕೊಂಡೆ.

ಸಾಲಲಿಲ್ಲ. ಕ್ಯಾಮೆರಾದೊಳಗೆ ಬೆಳಕು ಹಿಡಿಯುವ ಬಣ್ಣದ ಸಂವೇದಕದಲ್ಲಿ ಅಡ್ಡಕ್ಕೂ ಉದ್ದಕ್ಕೂ ಒಂದು ಬಿಟ್ಟು ಒಂದರಲ್ಲಿ ಮಾತ್ರ ಕೆಂಪು ಬಿಂದು ಇರುತ್ತದೆ. ಹಾಗಾಗಿ ಕೆಂಪು ಪರದೆ ಹಾಕಿದಾಗ ಪಿಕ್ಸೆಲ್‌ಗೆ ಅಗಲದಲ್ಲಿ ದಕ್ಕುವುದು ಎರಡೇ ಬಿಂದು. ಪರದೆಯ ಜಾಲರಿ, ಕ್ಯಾಮೆರಾದ ಜಾಲರಿ ಎರಡೂ ಸೇರಿ ಚಿತ್ರದ ತುಂಬ ಅಲೆ ಎದ್ದಿತು. ಎರಡು ಸೊಳ್ಳೆಪರದೆಗಳನ್ನು ಒಂದರ ಮೇಲೊಂದು ಹಿಡಿದು ನೋಡಿದವರಿಗೆ ಈ ಅಲೆಯ ಪರಿಚಯವಿರುತ್ತದೆ, ಮೊಯಿರೆ ಎನ್ನುತ್ತಾರೆ. ಮೂರು ದಿನ ಪ್ರೋಗ್ರಾಂ ತಿದ್ದಿದೆ. ನಾಲ್ಕನೆಯ ದಿನ ಲೆನ್ಸ್‌ನ ಫೋಕಸ್ಸನ್ನು ಕೂದಲೆಳೆಯಷ್ಟು ಕೆಡಿಸಿದೆ, ಅಲೆ ಹೋಯಿತು. ಸತ್ತ ಉಪಪಿಕ್ಸೆಲ್ ಮಸುಕಾದರೂ ಸುತ್ತಲಿನದಕ್ಕಿಂತ ಕಪ್ಪಾಗಿಯೇ ಉಳಿಯಿತು. ಬೆಳಕು ಕಡಿಮೆ ಮಾಡಿದಾಗ ಕಾಣಿಸಿಕೊಂಡ ಅಡ್ಡಪಟ್ಟಿಗಳು ಪರದೆಯ ಹಿಂಬದಿಯ ದೀಪವಾದ ಬ್ಯಾಕ್‌ಲೈಟ್ ಬೇಗಬೇಗ ಆರಿ ಹತ್ತುವುದರಿಂದ ಬಂದವು. ಪೂರ್ಣ ಬೆಳಕಿನಲ್ಲಿಟ್ಟರೆ ಆ ಕಾಟವೂ ಇಲ್ಲ.

ಉಳಿದದ್ದು ಧೂಳು. ಕ್ಯಾಮೆರಾದ ಪಾಲಿಗೆ ಬಿಳಿ ಪರದೆಯ ಮೇಲಿನ ಧೂಳಿನ ಕಣವೂ ಸತ್ತ ಪಿಕ್ಸೆಲ್ಲೂ ಒಂದೇ. ಪರದೆ ಆರಿಸಿ, ಪಕ್ಕದಿಂದ ಎಲ್ಇಡಿ ಬೆಳಕು ಸವರುವಂತೆ ಬಿಟ್ಟು ಇನ್ನೊಂದು ಚಿತ್ರ ತೆಗೆದೆ. ಅದರಲ್ಲಿ ಹೊಳೆಯುವುದು ಧೂಳು. ಅಷ್ಟನ್ನು ಪಟ್ಟಿಯಿಂದ ಕಳೆದರೆ ಆಯಿತು. ಆಮೇಲೆ ಓಪನ್‌ಸಿವಿ ಎಂಬ ಚಿತ್ರ ಸಂಸ್ಕರಣೆಯ ತಂತ್ರಾಂಶದ ಸರಳ ವ್ಯವಕಲನ, ಇಷ್ಟಕ್ಕಿಂತ ಹೆಚ್ಚು ವ್ಯತ್ಯಾಸವಿದ್ದರೆ ದೋಷ ಎನ್ನುವ ಒಂದು ಮಿತಿಸಂಖ್ಯೆ, ಅಷ್ಟೇ. 60ರಲ್ಲಿದ್ದ ಚುಕ್ಕೆ ದೋಷಗಳನ್ನೆಲ್ಲ ಹಿಡಿಯಿತು, ಅಕ್ಕನಿಗೆ ತಪ್ಪಿಹೋಗಿದ್ದ ಒಂದನ್ನೂ ಸೇರಿಸಿ. ಕಲೆಗಳ ಮುಂದೆ ಮಾತ್ರ ಕುರುಡು. ಮಿತಿ ಇಳಿಸಿದರೆ ಲೆನ್ಸ್ ಅಂಚಿನ ಸಹಜ ಮಬ್ಬನ್ನೂ ದೋಷ ಎನ್ನುತ್ತದೆ, ಏರಿಸಿದರೆ ಮೂಲೆಯ ಮೋಡವನ್ನೂ ಬಿಟ್ಟುಬಿಡುತ್ತದೆ.

ಈ ಕಲೆಗೆ ಉದ್ಯಮದಲ್ಲಿ ಮುರಾ ಎಂಬ ಹೆಸರು. ಸಮನಲ್ಲದ್ದು ಎಂಬ ಅರ್ಥದ ಜಪಾನಿ ಪದ, ನಮ್ಮ ಮುರಾರಿ ಕೊಂದ ಮುರನಿಗೂ ಇದಕ್ಕೂ ನಂಟಿಲ್ಲ. ಕೊಲ್ಲುವುದು ಕಷ್ಟ ಎಂಬುದೊಂದೇ ಹೋಲಿಕೆ. ಇದನ್ನು ಅಳೆಯಲು ಚಿಪ್ ಮತ್ತು ಪರದೆ ಉದ್ಯಮದ ಒಕ್ಕೂಟವಾದ ಸೆಮಿ ಸಂಸ್ಥೆಯ ಡಿ31 ಎಂಬ ಮಾನದಂಡವಿದೆ. ದೊಡ್ಡ ಕಲೆ ಸ್ವಲ್ಪವೇ ವ್ಯತ್ಯಾಸವಿದ್ದರೂ ಕಣ್ಣಿಗೆ ಹೊಡೆಯುತ್ತದೆ, ಸಣ್ಣದು ಕಾಣಬೇಕಾದರೆ ವ್ಯತ್ಯಾಸ ಹೆಚ್ಚಿರಬೇಕು. ಆ ಸೂತ್ರ ವಿಸ್ತೀರ್ಣ ಮತ್ತು ವ್ಯತ್ಯಾಸ ಎರಡನ್ನೂ ಸೇರಿಸಿ ಒಂದು ಅಂಕ ಕೊಡುತ್ತದೆ. ಆದರೆ ಕಲೆಯ ಗಡಿ ಎಲ್ಲಿ ಎಂದು ಮೊದಲು ಯಾರಾದರೂ ಗೆರೆ ಎಳೆಯಬೇಕಲ್ಲ, ನನ್ನ ಪ್ರೋಗ್ರಾಂ ಮುಗ್ಗರಿಸಿದ್ದೇ ಅಲ್ಲಿ.

ಮೂರನೆಯದಾದ ಕೈಗಾರಿಕಾ ಕ್ಯಾಮೆರಾದ ಮೇಲೆ ನನಗೆ ಬಹಳ ಆಸೆಯಿತ್ತು. ಕಪ್ಪುಬಿಳುಪು ಸಂವೇದಕವಾದ್ದರಿಂದ ಬಣ್ಣದ ಬಿಂದುಗಳ ತಾಪತ್ರಯವಿಲ್ಲ. ಅದರ ಹಿಂದೆ ಪ್ಯಾಚ್‌ಕೋರ್ ಎಂಬ ಯಂತ್ರಕಲಿಕೆಯ ವಿಧಾನ ಕೂರಿಸಿದೆ. ಇದಕ್ಕೆ ಕೆಟ್ಟ ಮಾದರಿ ಬೇಡ, ಒಳ್ಳೆಯ ಪರದೆಗಳ ಚಿತ್ರಗಳನ್ನಷ್ಟೇ ತೋರಿಸಿದರೆ ಅವುಗಳಿಂದ ದೂರ ಸರಿದದ್ದನ್ನು ಬೆರಳಿಟ್ಟು ತೋರಿಸುತ್ತದೆ. ಮೊದಲ ಓಟದಲ್ಲಿ ಮೂಲೆಯ ಮೋಡ ಸೊಗಸಾಗಿ ಸಿಕ್ಕಿತು, ಅಕ್ಕ ಎರಡು ಮನಸ್ಸು ಮಾಡಿದ್ದ ಕಲೆಗಳೂ ಸಿಕ್ಕವು. ಚುಕ್ಕೆ ಒಂದೂ ಸಿಗಲಿಲ್ಲ! ತಲೆ ಕೆರೆದುಕೊಂಡು ನೋಡಿದರೆ, ನಾನು ಬಳಸಿದ ಸಿದ್ಧ ಸಂರಚನೆ ಪ್ರತಿ ಚಿತ್ರವನ್ನೂ 256×256ಕ್ಕೆ ಕುಗ್ಗಿಸಿಯೇ ಒಳಗೆ ತೆಗೆದುಕೊಳ್ಳುತ್ತಿತ್ತು. 20 ಮೆಗಾಪಿಕ್ಸೆಲ್ ಎರವಲು ತಂದು 65 ಸಾವಿರ ಬಿಂದುಗಳಲ್ಲಿ ಹುಡುಕುತ್ತಿದ್ದೆ. ಚಿತ್ರವನ್ನು ತುಂಡು ಮಾಡಿ ಕೊಟ್ಟಾಗ ಚುಕ್ಕೆಗಳೂ ಕಂಡವು, ಆದರೆ ಗ್ರಾಫಿಕ್ಸ್ ಕಾರ್ಡ್ ಇಲ್ಲದ ನಮ್ಮ ಕಂಪ್ಯೂಟರ್ ಒಂದು ಪ್ಯಾನೆಲ್‌ಗೆ ತೆಗೆದುಕೊಂಡ ಸಮಯದಲ್ಲಿ ಅಕ್ಕ ಎರಡು ನೋಡಿ ಮುಗಿಸುತ್ತಿದ್ದರು.

ಎರಡನೆಯ ವಾರ ಪ್ಯಾನೆಲ್‌ಗಳ ಹೊಸ ಲಾಟ್ ಬಂತು. ಅದರ ಬ್ಯಾಕ್‌ಲೈಟ್ ತುಸು ಬೇರೆ, ಕಣ್ಣಿಗೆ ಗೊತ್ತೇ ಆಗದಷ್ಟು. ಪ್ಯಾಚ್‌ಕೋರ್ ಪೆಟ್ಟಿಗೆಯಲ್ಲಿದ್ದ ಎಲ್ಲವನ್ನೂ ತಿರಸ್ಕರಿಸಿತು. ಕಾರಣ ಕೇಳಿದರೆ ಕೊಡುವುದು ಕೆಂಪು-ಹಳದಿ ಬಣ್ಣದ ಒಂದು ನಕ್ಷೆ. ಅಗ್ಗದ ಕ್ಯಾಮೆರಾ ಸಾಲು 212, ಕಾಲಂ 640, ನೀಲಿ ಉಪಪಿಕ್ಸೆಲ್ ಸತ್ತಿದೆ ಎಂದು ಬರೆದು ಕೊಡುತ್ತದೆ. ಪ್ಯಾನೆಲ್ ಸರಬರಾಜುದಾರರೊಡನೆ ವಾದಕ್ಕೆ ಕುಳಿತಾಗ ನನಗೆ ಬೇಕಾದದ್ದು ಆ ಒಂದು ಸಾಲು. ಹತ್ತು ಲಕ್ಷ ಪಿಕ್ಸೆಲ್‌ಗೆ ಇಂತಿಷ್ಟು ಚುಕ್ಕೆ ಇರಬಹುದು ಎಂದು ದರ್ಜೆ ಕಟ್ಟುವ ಐಎಸ್ಒ 9241-307 ಮಾನದಂಡವೂ ಎಣಿಕೆಯ ಭಾಷೆಯನ್ನೇ ಆಡುತ್ತದೆ.

ಎರವಲು ಕ್ಯಾಮೆರಾ ಹಿಂದಕ್ಕೆ ಹೋಯಿತು. ಒಂದೇ ಮಾದರಿಯ ಪ್ಯಾನೆಲ್ಲನ್ನು ವರ್ಷವಿಡೀ ಸಾವಿರಗಟ್ಟಲೆ ಓಡಿಸುವವರು, ಲಾಟ್ ಬದಲಾದಾಗಲೆಲ್ಲ ಕೂತು ಮರುಕಲಿಸಲು ಜನವಿರುವವರು ಅದನ್ನೇ ಕೊಳ್ಳಲಿ. ನಮ್ಮಲ್ಲಿ ಈಗ ಚುಕ್ಕೆಯ ತೀರ್ಪು ಪ್ಲೈವುಡ್ ಪೆಟ್ಟಿಗೆಯದು, ಕಲೆಯದು ಅಕ್ಕನದು, ಅದೂ ಬೆಳಗಿನ ಪಾಳಿಯಲ್ಲಿ ಮಾತ್ರ. ಗ್ರಾಹಕರು ಒಪ್ಪಿ ಸಹಿ ಮಾಡಿದ ಮೂರು ಲಿಮಿಟ್ ಸ್ಯಾಂಪಲ್‌ಗಳು, ಅಂದರೆ ಇಷ್ಟು ಕಲೆಯವರೆಗೆ ಸರಿ ಎಂದು ತೋರಿಸುವ ಮಾದರಿಗಳು, ಅಕ್ಕನ ಮೇಜಿನ ಖಾನೆಯಲ್ಲಿವೆ. ಅನುಮಾನ ಬಂದ ಪರದೆಯನ್ನು ಅವುಗಳ ಪಕ್ಕಕ್ಕಿಟ್ಟು, ಓರೆ ಮಾಡಿ ನೋಡುತ್ತಾರೆ.